ಉಂಡು ಮಲಗಿದರೂ ಮುಗಿಯದ ಜಗಳ

ಗಂಡನ ಕೈಯಿಂದ ಏಟು ತಿನ್ನುವ ಹೆಂಗಸರು ಜಗತ್ತಿನಲ್ಲಿ ಎಷ್ಟು ಮಂದಿ? ನಾಲ್ಕು ಗೋಡೆಗಳ ನಡುವೆ ನಡೆಯುವ ಈ ಸಂಗತಿಯ ಲೆಕ್ಕ ಹಾಕುವುದು ಹೇಗೆ? ದೇಶದ ಪಟ್ಟಿಯಲ್ಲಿ ಕರ್ನಾಟಕದ ಹೆಸರು ಮೊದಲ ಸಾಲಿಗೆ ಬಂದದ್ದೇಕೆ? ಅಂಕಿಗಳನ್ನು ಓದಲು ಕಲಿತರೆ ಅವು ಹೇಳುವ ಕಥೆ ನಮ್ಮ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಯಳಂದೂರಿನ ದಾರಿಯಿಂದ ಬಿಳಿಗಿರಿರಂಗನ ಬೆಟ್ಟ ಹತ್ತಿ ಬರುವ ಕೆಳಗಿನ ಊರುಗಳ ಭಕ್ತರಿಗೆ ರಂಗನಾಥ ದೇವರು. ಬೆಟ್ಟದ ಕಾಡಿನಲ್ಲಿ ತಲೆತಲಾಂತರದಿಂದ ಬಾಳಿಕೊಂಡು ಬಂದಿರುವ ಸೋಲಿಗರಿಗೆ ಆತ 'ರಂಗಭಾವ'. ಸೋಲಿಗರ ಹುಡುಗಿ ಕುಸುಮಾಲೆಯನ್ನು ರಂಗನಾಥ ಮೆಚ್ಚಿ ಮದುವೆಯಾದನೆಂಬುದು ಅವರ ನಂಬಿಕೆ. ಹೆಣ್ಣು ಕೊಟ್ಟ ಮೇಲೆ ದೇವರಾದರೇನು, ಭಾವ ಭಾವನೇ ಅಲ್ಲವೇ? ಹಾಗಾಗಿ ಅವನನ್ನು ಹಾಡಿ ಹೊಗಳುವ ಹಕ್ಕು ಅವರಿಗಿರುವಂತೆ, ಸಲುಗೆಯಿಂದ ಛೇಡಿಸುವ ಹಕ್ಕೂ ಇದೆ.

ಈ ಸಲುಗೆಯಲ್ಲಿ ಒಂದು ದೊಡ್ಡ ಮಾತು ಅಡಗಿದೆ. ಮದುವೆ ಮಾಡಿ ಕಳಿಸಿದ ಮಾತ್ರಕ್ಕೆ ಹುಡುಗಿ ಹೊರಗಿನವಳಾಗಲಿಲ್ಲ. ಅವಳ ಕಡೆಯವರು ಇದ್ದಾರೆ, ಅವಳ ಗಂಡನನ್ನು ನೆಂಟಸ್ತಿಕೆಯ ಹೆಸರು ಹಿಡಿದು ಕರೆಯುತ್ತಾರೆ, ಬೇಕಾದಾಗ ಮಾತಿಗೆ ಎಳೆಯುತ್ತಾರೆ. ಆದರೆ ಬೆಟ್ಟ ಇಳಿದು ಬಂದರೆ ಕೇಳಿಬರುವ ಗಾದೆಯೇ ಬೇರೆ: ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಅದರ ಜೊತೆಗೆ ಇನ್ನೊಂದು: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಮೊದಲನೆಯ ಗಾದೆ ಹೆಣ್ಣಿನ ಹಿಂದಿನ ಬಾಗಿಲನ್ನು ಮುಚ್ಚುತ್ತದೆ. ಎರಡನೆಯದು ನೆರೆಹೊರೆಯವರ ಬಾಯನ್ನು ಮುಚ್ಚುತ್ತದೆ. ಎರಡೂ ಮುಚ್ಚಿದ ಮೇಲೆ ಒಳಗೆ ಏನು ನಡೆಯುತ್ತದೆ ಎಂಬುದನ್ನೇ ಇತ್ತೀಚಿನ ದಶಕಗಳ ಸಮೀಕ್ಷೆಗಳು ಎಣಿಸಲು ಹೊರಟಿರುವುದು.

ನೂರಕ್ಕೆ ನಲವತ್ತನಾಲ್ಕು

ಕೇಂದ್ರ ಸರ್ಕಾರ ಕೆಲವು ವರ್ಷಗಳಿಗೊಮ್ಮೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಸುತ್ತದೆ. ಮಕ್ಕಳ ತೂಕ, ತಾಯಂದಿರ ರಕ್ತಹೀನತೆ, ಲಸಿಕೆ, ಶೌಚಾಲಯ ಎಲ್ಲದರ ಲೆಕ್ಕವೂ ಅದರಲ್ಲಿರುತ್ತದೆ. ಗಂಡನಿಂದಾಗುವ ದೌರ್ಜನ್ಯದ ಬಗ್ಗೆಯೂ ಒಂದು ಅಧ್ಯಾಯವಿದೆ. 2015-16ರಲ್ಲಿ ನಡೆದ ನಾಲ್ಕನೆಯ ಸಮೀಕ್ಷೆಯಲ್ಲಿ, ಗಂಡನಿಂದ ಎಂದಾದರೂ ದೌರ್ಜನ್ಯಕ್ಕೆ ಒಳಗಾದ ಮಹಿಳೆಯರ ಪ್ರಮಾಣ ಕರ್ನಾಟಕದಲ್ಲಿ ಶೇ. 20.6 ಇತ್ತು. ಅಂದರೆ ಐವರಲ್ಲಿ ಒಬ್ಬರು. 2019-21ರ ಐದನೆಯ ಸಮೀಕ್ಷೆಯಲ್ಲಿ ಅದೇ ಅಂಕಿ ಶೇ. 44.4ಕ್ಕೆ ಏರಿತು. ದೇಶದ ಸರಾಸರಿ ಶೇ. 29.3. ಬಿಹಾರವನ್ನೂ ಹಿಂದೆ ಹಾಕಿ ಕರ್ನಾಟಕ ಇಡೀ ದೇಶದಲ್ಲೇ ಮೊದಲನೆಯ ಸ್ಥಾನಕ್ಕೆ ಬಂದಿತ್ತು.

ಕೊರೊನಾ ಕಾಲದ ಲಾಕ್‌ಡೌನ್‌ನಿಂದ ಹೀಗಾಗಿರಬೇಕೆಂದು ಕೆಲವರು ಊಹಿಸಿದರು. ಆದರೆ ಕರ್ನಾಟಕದಲ್ಲಿ ಈ ಸಮೀಕ್ಷೆಯ ತಂಡಗಳು ಮನೆಮನೆಗೆ ಹೋದದ್ದು 2019ರ ಉತ್ತರಾರ್ಧದಲ್ಲಿ, ಲಾಕ್‌ಡೌನ್‌ಗೆ ಮುಂಚೆಯೇ. ಹಾಗಾದರೆ ನಾಲ್ಕು ವರ್ಷಗಳಲ್ಲಿ ಕನ್ನಡ ನಾಡಿನ ಗಂಡಸರು ಎರಡು ಪಟ್ಟು ಕ್ರೂರಿಗಳಾದರೇ? ಅಥವಾ ಹಿಂದೆ ಬಾಯಿ ಬಿಡದಿದ್ದ ಹೆಂಗಸರು ಈಗ ಬಾಯಿ ಬಿಟ್ಟರೇ? ಪ್ರಶ್ನೆ ಸಣ್ಣದಲ್ಲ. ಅಂಕಿಯ ಹಿಂದಿರುವುದು ಒಬ್ಬ ಹೆಣ್ಣುಮಗಳು ಕೊಟ್ಟ ಉತ್ತರ. ಅವಳು ಹೇಳಿದರೆ ಅಂಕಿ ಏರುತ್ತದೆ, ನುಂಗಿಕೊಂಡರೆ ಇಳಿಯುತ್ತದೆ. 44.4ರಲ್ಲಿ ಎಷ್ಟು ಭಾಗ ಹೊಸ ಏಟು, ಎಷ್ಟು ಭಾಗ ಹಳೆಯ ಮೌನ ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಎರಡರಲ್ಲಿ ಯಾವುದು ನಿಜವಾದರೂ ನೆಮ್ಮದಿಪಡುವಂತಿಲ್ಲ. ಏಟು ಹೆಚ್ಚಿದ್ದರೆ ಈಗಿನ ಸ್ಥಿತಿ ಕೆಟ್ಟದ್ದು. ಮೌನ ಮುರಿದಿದ್ದರೆ ಹಿಂದಿನ ಸ್ಥಿತಿಯೂ ಇಷ್ಟೇ ಕೆಟ್ಟದ್ದಾಗಿತ್ತು ಎಂದಾಯಿತು.

ಕೇಳುವ ರೀತಿಯಲ್ಲೇ ಇದೆ ಗುಟ್ಟು

"ನಿಮ್ಮ ಗಂಡ ನಿಮ್ಮ ಮೇಲೆ ದೌರ್ಜನ್ಯ ಮಾಡುತ್ತಾರೆಯೇ?" ಎಂದು ಕೇಳಿದರೆ ಬಹುತೇಕ ಹೆಂಗಸರು ಇಲ್ಲವೆಂದೇ ತಲೆಯಾಡಿಸುತ್ತಾರೆ. ದೌರ್ಜನ್ಯ ಎಂಬುದು ಪೊಲೀಸರ, ಪತ್ರಿಕೆಗಳ ಮಾತು. ಮನೆಯೊಳಗೆ ನಡೆಯುವುದಕ್ಕೆ ಆ ಹೆಸರನ್ನು ಯಾರೂ ಕೊಡುವುದಿಲ್ಲ. ಆದ್ದರಿಂದ ಸಮೀಕ್ಷೆಗಳಲ್ಲಿ ಒಂದೊಂದು ಕೃತ್ಯವನ್ನೂ ಬಿಡಿಬಿಡಿಯಾಗಿ ಕೇಳುತ್ತಾರೆ. ಗಂಡ ಎಂದಾದರೂ ತಳ್ಳಿದ್ದುಂಟೇ? ಕೆನ್ನೆಗೆ ಬಾರಿಸಿದ್ದುಂಟೇ? ಕೈ ತಿರುಚಿದ್ದು, ಜುಟ್ಟು ಹಿಡಿದು ಎಳೆದದ್ದು? ಒದ್ದದ್ದು? ಕತ್ತು ಹಿಸುಕಿದ್ದು, ಸುಡಲು ಬಂದದ್ದು? ಮನಸ್ಸಿಲ್ಲದಿದ್ದಾಗ ಬಲವಂತ ಮಾಡಿದ್ದು? ಹೀಗೆ ಕೇಳಿದಾಗ ಮಾತ್ರ ನೆನಪು ಬಾಯಿಗೆ ಬರುತ್ತದೆ.

ಕೇಳುವುದಕ್ಕೂ ಕಟ್ಟುಪಾಡುಗಳಿವೆ. ಒಂದು ಮನೆಯಲ್ಲಿ ಒಬ್ಬ ಮಹಿಳೆಯನ್ನು ಮಾತ್ರ ಈ ಪ್ರಶ್ನೆಗಳಿಗೆ ಆರಿಸಬೇಕು. ಬೇರೆ ಯಾರೂ ಹತ್ತಿರ ಇರಕೂಡದು. ಗಂಡನೋ ಅತ್ತೆಯೋ ಒಳಗೆ ಬಂದರೆ ಆ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು. ಏಕಾಂತ ಸಿಗದಿದ್ದರೆ ಆ ಭಾಗವನ್ನೇ ಕೈಬಿಡಬೇಕು. ಉತ್ತರ ಹೇಳಿದ ತಪ್ಪಿಗೆ ಆಕೆ ಇನ್ನೊಂದು ಏಟು ತಿನ್ನಬಾರದು ಎಂಬ ಎಚ್ಚರ ಇದರ ಹಿಂದಿದೆ. ಹೀಗಾಗಿ ಈ ಪ್ರಶ್ನೆಗಳನ್ನು ಆಯ್ದ ಕೆಲವು ಮನೆಗಳಲ್ಲಿ ಮಾತ್ರ ಕೇಳುತ್ತಾರೆ. ರಾಜ್ಯದ ಅಂಕಿ ಸಿಗುತ್ತದೆಯೇ ಹೊರತು ಜಿಲ್ಲೆವಾರು ಅಂಕಿ ಸಿಗುವುದಿಲ್ಲ. ಚಾಮರಾಜನಗರ ಜಿಲ್ಲೆಯ ಮಕ್ಕಳ ತೂಕ ಎಷ್ಟೆಂದು ಸಮೀಕ್ಷೆಯಲ್ಲಿ ನೋಡಬಹುದು. ಆದರೆ ಕೊಳ್ಳೇಗಾಲದ ಬೀದಿಯ, ಹನೂರಿನ ಹಳ್ಳಿಯ, ಬೆಟ್ಟದ ಪೋಡಿನ ಹೆಣ್ಣುಮಕ್ಕಳ ನೋವು ರಾಜ್ಯದ ಸರಾಸರಿಯಲ್ಲಿ ಕರಗಿಹೋಗುತ್ತದೆ.

ವಿದ್ಯಾರ್ಥಿಗಳು ಇಲ್ಲೊಂದು ಸಂಗತಿ ಗಮನಿಸಬೇಕು. ಇಂಥ ಅಂಕಿ ಕಂಡಾಗಲೆಲ್ಲ ಮೂರು ಪ್ರಶ್ನೆ ಹಾಕಿಕೊಳ್ಳಬೇಕು. ಯಾವುದನ್ನು ಎಣಿಸಿದ್ದಾರೆ: ಹೊಡೆತವನ್ನು ಮಾತ್ರವೇ, ಬಲವಂತ ಮತ್ತು ಬೈಗುಳವನ್ನೂ ಸೇರಿಸಿಯೇ? ಯಾವ ಅವಧಿಯ ಲೆಕ್ಕ: ಇಡೀ ಬದುಕಿನದೇ, ಕಳೆದ ಹನ್ನೆರಡು ತಿಂಗಳದೇ? ಯಾರನ್ನು ಕೇಳಿದ್ದಾರೆ: ಮದುವೆಯಾದವರನ್ನೇ, ಎಲ್ಲ ಹೆಂಗಸರನ್ನೇ? ಈ ಮೂರನ್ನು ನೋಡದೆ ಒಂದು ದೇಶದ ಅಂಕಿಯನ್ನು ಇನ್ನೊಂದರ ಪಕ್ಕ ಇಡುವುದು ಸೇರನ್ನೂ ಮೊಳವನ್ನೂ ಹೋಲಿಸಿದಂತೆ.

ಕುಂಬಾರರ ಮೂರು ಊರುಗಳು

ಮೌನ ಎಷ್ಟು ದಪ್ಪಗಿರುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ನಡೆದ ಅಧ್ಯಯನವೊಂದು ಸಾಕ್ಷಿ. ಅರ್ಥಶಾಸ್ತ್ರಜ್ಞ ವಿಜಯೇಂದ್ರ ರಾವ್ ಅವರು ರಾಜ್ಯದ ಮೂರು ಹಳ್ಳಿಗಳ ಕುಂಬಾರ ಕುಟುಂಬಗಳನ್ನು ಅಧ್ಯಯನ ಮಾಡಿ 1997ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಪ್ರಶ್ನಾವಳಿ ಹಿಡಿದು ಕೇಳಿದಾಗ ಶೇ. 22ರಷ್ಟು ಹೆಂಗಸರು ಗಂಡ ಹೊಡೆದದ್ದುಂಟು ಎಂದರು. ಆದರೆ ಊರಿನಲ್ಲಿ ಉಳಿದು, ಹೆಂಗಸರೊಂದಿಗೆ ಕೂತು ಮಾತಾಡಿದಾಗ ಈ ಅಂಕಿ ತೀರಾ ಕಡಿಮೆಯೆಂಬುದು ಗೊತ್ತಾಯಿತು. ತಮಗೆ ಹೊಡೆತವಿಲ್ಲ ಎಂದಿದ್ದವರೇ ಅಧ್ಯಯನ ನಡೆಯುತ್ತಿದ್ದ ದಿನಗಳಲ್ಲಿ ಏಟು ತಿಂದದ್ದೂ ಉಂಟು. ಅವರು ಸುಳ್ಳು ಹೇಳಿರಲಿಲ್ಲ. ಒಂದೆರಡು ಏಟು ಅವರ ಲೆಕ್ಕದಲ್ಲಿ ಹೊಡೆತವೇ ಆಗಿರಲಿಲ್ಲ, ಅಷ್ಟೆ!

ಹೊಡೆತಕ್ಕೆ ಕಾರಣಗಳನ್ನು ಹುಡುಕಿದಾಗ ಗಂಡನ ಕುಡಿತ ಮತ್ತು ಸಾಲದೆನಿಸಿದ ವರದಕ್ಷಿಣೆ ಎದ್ದು ಕಂಡವು. ಅದೇ ಹಳ್ಳಿಗಳ ಮಾಹಿತಿಯನ್ನು ಫ್ರಾನ್ಸಿಸ್ ಬ್ಲಾಕ್ ಅವರ ಜೊತೆ ಸೇರಿ ಮತ್ತೆ ಪರಿಶೀಲಿಸಿ 2002ರಲ್ಲಿ ಬರೆದ ಪ್ರಬಂಧದಲ್ಲಿ ರಾವ್ ಇನ್ನೂ ಕಹಿಯಾದ ಸತ್ಯವನ್ನು ಮುಂದಿಟ್ಟರು. ತವರು ಉಳ್ಳವರದ್ದಾದರೆ ಹೆಣ್ಣು ಏಟು ತಿನ್ನುವ ಸಂಭವ ಹೆಚ್ಚು. ಏಟಿನ ಉದ್ದೇಶ ಹೆಂಡತಿಯನ್ನು ತಿದ್ದುವುದಲ್ಲ, ಮಾವನ ಗಂಟಿನಿಂದ ಇನ್ನಷ್ಟು ಬಿಚ್ಚಿಸುವುದು. ಮಗಳು ಸುಖವಾಗಿರಲೆಂದು ಕೊಟ್ಟ ದುಡ್ಡೇ ಮುಂದಿನ ಏಟಿಗೆ ಬೆಲೆ ಕಟ್ಟಿದಂತೆ.

ದೇಶದಿಂದ ದೇಶಕ್ಕೆ

ಇದು ನಮ್ಮ ನಾಡಿನ ಕಾಯಿಲೆ ಮಾತ್ರವೇ? ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹತ್ತು ದೇಶಗಳ ಸುಮಾರು 24,000 ಮಹಿಳೆಯರನ್ನು ಮಾತಾಡಿಸಿ 2005ರಲ್ಲಿ ವರದಿಯೊಂದನ್ನು ಹೊರತಂದಿತು. ಎಲ್ಲ ಕಡೆಯೂ ಒಂದೇ ಬಗೆಯ ಪ್ರಶ್ನೆ, ಒಂದೇ ಬಗೆಯ ತರಬೇತಿ. ಗಂಡ ಅಥವಾ ಸಂಗಾತಿಯಿಂದ ದೈಹಿಕ ಇಲ್ಲವೇ ಲೈಂಗಿಕ ಹಿಂಸೆ ಅನುಭವಿಸಿದವರ ಪ್ರಮಾಣ ಜಪಾನಿನ ನಗರವೊಂದರಲ್ಲಿ ಶೇ. 15 ಇದ್ದರೆ ಇಥಿಯೋಪಿಯಾದ ಗ್ರಾಮೀಣ ಪ್ರಾಂತ್ಯದಲ್ಲಿ ಶೇ. 71 ಇತ್ತು. ಇಷ್ಟು ದೊಡ್ಡ ಅಂತರವೇ ಒಂದು ಮುಖ್ಯ ಪಾಠ. ಹೆಂಡತಿಗೆ ಹೊಡೆಯುವುದು ಗಂಡಸಿನ ಹುಟ್ಟುಗುಣವಾಗಿದ್ದರೆ ಎಲ್ಲ ದೇಶದಲ್ಲೂ ಅದು ಒಂದೇ ಪ್ರಮಾಣದಲ್ಲಿರಬೇಕಿತ್ತು. ಒಂದು ಕಡೆ ಏಳರಲ್ಲಿ ಒಬ್ಬರು, ಇನ್ನೊಂದು ಕಡೆ ಏಳರಲ್ಲಿ ಐವರು ಎಂದಾಗ ಅದು ಸ್ವಭಾವವಲ್ಲ, ಕಲಿತ ಅಭ್ಯಾಸ. ಕಲಿತದ್ದನ್ನು ಬಿಡಿಸಲೂಬಹುದು.

161 ದೇಶ ಮತ್ತು ಪ್ರದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ ಅದೇ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಸಂಗಾತಿಯಿದ್ದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 27ರಷ್ಟು ಮಂದಿ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಹಿಂಸೆ ಅನುಭವಿಸಿದ್ದಾರೆ. ದಕ್ಷಿಣ ಏಷ್ಯಾದಲ್ಲಿ ಈ ಪ್ರಮಾಣ ಶೇ. 35, ದಕ್ಷಿಣ ಯುರೋಪಿನಲ್ಲಿ ಶೇ. 16. ಕಾಲೇಜಿಗೆ ಹೋಗುವ ಮಕ್ಕಳ ತಂದೆತಾಯಿಯರನ್ನು ಬೆಚ್ಚಿಬೀಳಿಸುವ ಅಂಕಿ ಇನ್ನೊಂದಿದೆ. 15ರಿಂದ 19 ವರ್ಷದ, ಸಂಗಾತಿಯಿದ್ದ ಹುಡುಗಿಯರಲ್ಲೇ ಶೇ. 24ರಷ್ಟು ಮಂದಿ ಆಗಲೇ ಇದನ್ನು ಕಂಡಿದ್ದಾರೆ. ಅಂದರೆ ಏಟು ಸಂಸಾರ ಹಳತಾದ ಮೇಲೆ ಬರುವುದಲ್ಲ, ಹೊಸತರಲ್ಲೇ ಶುರುವಾಗುತ್ತದೆ. 2025ರ ನವೆಂಬರಿನಲ್ಲಿ ಸಂಸ್ಥೆ ಮತ್ತೊಮ್ಮೆ ಲೆಕ್ಕ ಹಾಕಿದಾಗ, ಎರಡು ದಶಕಗಳಲ್ಲಿ ಸಂಗಾತಿಯ ಹಿಂಸೆ ವರ್ಷಕ್ಕೆ ಶೇ. 0.2ರಷ್ಟು ಮಾತ್ರ ತಗ್ಗಿದೆ ಎಂಬುದು ಗೊತ್ತಾಯಿತು. ಬಸವನ ಹುಳುವಿನ ನಡಿಗೆ!

ಶ್ರೀಮಂತ ದೇಶಗಳಾದರೆ ಎಲ್ಲ ಸರಿಯೇ? ಯುರೋಪ್ ಒಕ್ಕೂಟದ 28 ದೇಶಗಳಲ್ಲಿ 42,000 ಮಹಿಳೆಯರನ್ನು ಮಾತಾಡಿಸಿದ ಸಮೀಕ್ಷೆಯ ವರದಿ 2014ರಲ್ಲಿ ಬಂತು. ಹೆಣ್ಣು-ಗಂಡು ಸಮಾನತೆಗೆ ಹೆಸರಾದ ಡೆನ್ಮಾರ್ಕಿನಲ್ಲಿ ಶೇ. 32, ಫಿನ್ಲೆಂಡಿನಲ್ಲಿ ಶೇ. 30, ಸ್ವೀಡನ್ನಿನಲ್ಲಿ ಶೇ. 28 ಮಂದಿ ಸಂಗಾತಿಯ ಹಿಂಸೆಯನ್ನು ಹೇಳಿಕೊಂಡರು. ಪೋಲೆಂಡಿನಲ್ಲಿ ಹಾಗೆ ಹೇಳಿದವರು ಶೇ. 13. ಈ ಒಗಟನ್ನು ಪಂಡಿತರು ಇನ್ನೂ ಬಿಡಿಸುತ್ತಿದ್ದಾರೆ. ಧೈರ್ಯವಾಗಿ ಹೇಳಿಕೊಳ್ಳಬಲ್ಲ ಸಮಾಜದಲ್ಲಿ ಅಂಕಿ ಹೆಚ್ಚಾಗಿ ಕಾಣುವುದು ಒಂದು ವಿವರಣೆ. ಕುಂಬಾರರ ಊರುಗಳಲ್ಲಿ ಕಂಡದ್ದರ ಇನ್ನೊಂದು ಮುಖ ಇದು.

ತಪ್ಪೆಂದು ಅನಿಸದ ತಪ್ಪು

ಹೊಡೆದದ್ದನ್ನು ಎಣಿಸುವ ಸಮೀಕ್ಷೆ, ಹೊಡೆಯುವುದು ಸರಿಯೇ ಎಂದೂ ಕೇಳುತ್ತದೆ. ಹೇಳದೆ ಮನೆಯಿಂದ ಹೊರಗೆ ಹೋದರೆ, ಮನೆ ಮಕ್ಕಳನ್ನು ನೋಡಿಕೊಳ್ಳದಿದ್ದರೆ, ಎದುರು ಮಾತಾಡಿದರೆ, ಅಡುಗೆ ಸರಿಯಾಗಿ ಮಾಡದಿದ್ದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ ಎಂದು ಏಳು ಕಾರಣಗಳನ್ನು ಮುಂದಿಡುತ್ತಾರೆ. ಇವುಗಳಲ್ಲಿ ಒಂದಕ್ಕಾದರೂ ಗಂಡ ಹೊಡೆಯಬಹುದು ಎಂದವರು 2019-21ರಲ್ಲಿ ಕರ್ನಾಟಕದ ಗಂಡಸರಲ್ಲಿ ಶೇ. 81.9, ಹೆಂಗಸರಲ್ಲಿ ಶೇ. 76.9. ಹಿಮಾಚಲ ಪ್ರದೇಶದಲ್ಲಿ ಹೀಗೆಂದ ಗಂಡಸರು ಶೇ. 14.2, ಹೆಂಗಸರು ಶೇ. 14.8. ಅಲ್ಲಿ ದೌರ್ಜನ್ಯದ ಅಂಕಿಯೂ ಶೇ. 10ರೊಳಗೇ ಇದೆ. 44.4ಕ್ಕಿಂತ ಹೆಚ್ಚು ಚಿಂತೆಗೆ ಹಚ್ಚಬೇಕಾದ ಅಂಕಿ ಬಹುಶಃ ಇದೇ. ಏಟು ತಿನ್ನುವವಳೇ ಅದನ್ನು ತನ್ನ ತಪ್ಪಿಗೆ ಸಿಕ್ಕ ಶಿಕ್ಷೆ ಎಂದುಕೊಂಡರೆ ದೂರು ಕೊಡುವವರು ಯಾರು? ದೇಶದಲ್ಲಿ ಏಟು ತಿಂದವರ ಪೈಕಿ ಯಾರದಾದರೂ ನೆರವು ಕೇಳಿದವರು ಶೇ. 14 ಮಾತ್ರ. ಅವರಲ್ಲಿ ಹೆಚ್ಚಿನವರು ಹೋದದ್ದು ಪೊಲೀಸರ ಬಳಿಗಲ್ಲ, ತವರಿಗೆ.

ಕುಡಿತದ ಪಾತ್ರವನ್ನೂ ಸಮೀಕ್ಷೆ ತೆರೆದಿಡುತ್ತದೆ. ಪದೇಪದೇ ಕುಡಿದು ಅಮಲೇರಿಸಿಕೊಳ್ಳುವ ಗಂಡಂದಿರ ಹೆಂಡಿರಲ್ಲಿ ಶೇ. 70ರಷ್ಟು ಮಂದಿ ಹಿಂಸೆ ಅನುಭವಿಸಿದ್ದಾರೆ. ಆದರೆ ಕುಡಿಯದ ಗಂಡಂದಿರ ಹೆಂಡಿರಲ್ಲೂ ಶೇ. 23ರಷ್ಟು ಮಂದಿಗೆ ಅದು ತಪ್ಪಿಲ್ಲ. ಕುಡಿತ ಬೆಂಕಿಗೆ ಸುರಿದ ಎಣ್ಣೆ, ಬೆಂಕಿಯಲ್ಲ.

ಬಿಳಿಗಿರಿರಂಗನ ಬೆಟ್ಟದ ಕಥೆಯನ್ನೂ ಈ ಬೆಳಕಿನಲ್ಲಿ ನೋಡಬೇಕು. ಸೋಲಿಗರಲ್ಲಿ ಮೆಚ್ಚಿದ ಹುಡುಗ ಹುಡುಗಿ ಕಾಡಿಗೆ ಓಡಿಹೋಗಿ, ಮರಳಿ ಬಂದು, ಹಿರಿಯರಿಗೆ ಸಣ್ಣ ದಂಡ ತೆತ್ತು ಸಂಸಾರ ಹೂಡುವ ಪದ್ಧತಿ ಹಿಂದಿನಿಂದ ಬಂದದ್ದು. ವರದಕ್ಷಿಣೆಯ ಬದಲು ಹೆಣ್ಣಿಗೇ ತೆರ ಕೊಡುವ ರೂಢಿ ಅವರದು. ಹೊಂದಿಕೆಯಾಗದಿದ್ದರೆ ಬಿಡುಗಡೆಗೂ, ಮರುಮದುವೆಗೂ ಅವಕಾಶವಿತ್ತು. ಕುಲದ ಯಜಮಾನರು ಕೂತು ನ್ಯಾಯ ಹೇಳುತ್ತಿದ್ದರು. ಇಷ್ಟಿದ್ದ ಮಾತ್ರಕ್ಕೆ ಪೋಡುಗಳಲ್ಲಿ ಏಟಿನ ಸದ್ದೇ ಇಲ್ಲವೆನ್ನುವಂತಿಲ್ಲ. 1974ರಲ್ಲಿ ಕಾಡು ವನ್ಯಧಾಮವಾಯಿತು. ಬೇಟೆಯೂ ಜಾಗ ಬದಲಿಸುತ್ತ ಮಾಡುವ ಬೇಸಾಯವೂ ನಿಂತು, ಜನ ಒಂದೆಡೆ ನೆಲೆಸಿ ಕೂಲಿಗೆ ಇಳಿದರು. ಕುಡಿತ ಪೋಡುಗಳ ದೊಡ್ಡ ಪಿಡುಗಾಗಿದೆ. ಒಳ್ಳೆಯ ಕಟ್ಟಳೆಯೊಂದು ಇದ್ದರೆ ಸಾಲದು, ಅದನ್ನು ಕಾಯುವ ಬದುಕೂ ಇರಬೇಕು.

ಹೋಗಲು ಒಂದು ಬಾಗಿಲು

ಹಾಗಾದರೆ ಎತ್ತಿದ ಕೈಯನ್ನು ತಡೆಯುವುದು ಯಾವುದು? ಇದಕ್ಕೂ ಅಂಕಿಗಳೇ ಉತ್ತರ ಕೊಡುತ್ತವೆ. ಕರ್ನಾಟಕವನ್ನು ಮೊದಲ ಸ್ಥಾನದಲ್ಲಿಟ್ಟ ಸಮೀಕ್ಷೆಯಲ್ಲಿ ಕೊನೆಯ ಸ್ಥಾನ ಲಕ್ಷದ್ವೀಪದ್ದು. ಅಲ್ಲಿಯ ಅಂಕಿ ಶೇ. 1.3. ಆ ದ್ವೀಪಗಳ ಮುಸ್ಲಿಂ ಕುಟುಂಬಗಳಲ್ಲಿ ತಾಯಿಯ ಕಡೆಯಿಂದ ವಂಶ ಸಾಗುತ್ತದೆ. ಹೆಣ್ಣು ಮದುವೆಯಾದ ಮೇಲೂ ತಾಯಿಮನೆಯಲ್ಲೇ ಉಳಿಯುವುದು, ಗಂಡನೇ ಅಲ್ಲಿಗೆ ಬಂದು ಹೋಗುವುದು ಹಳೆಯ ರೂಢಿ. ಅಂಕಿ ಇಷ್ಟು ತಗ್ಗಲು ಅದೊಂದೇ ಕಾರಣವೆನ್ನಲಾಗದು. ಆದರೂ ಅತ್ತೆಯ ಮನೆಯಲ್ಲಿ ಅಳಿಯ ಕೈ ಎತ್ತುವುದು ಅಷ್ಟು ಸುಲಭವಲ್ಲ ಎಂಬುದನ್ನು ಯಾರು ಬೇಕಾದರೂ ಊಹಿಸಬಹುದು.

ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಪ್ರದೀಪ್ ಪಂಡಾ ಮತ್ತು ಬೀನಾ ಅಗರ್ವಾಲ್ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ಪಷ್ಟವಾಗಿದೆ. ಸ್ವಂತ ಹೆಸರಿನಲ್ಲಿ ಜಮೀನೂ ಮನೆಯೂ ಇಲ್ಲದ ಹೆಂಗಸರಲ್ಲಿ ಶೇ. 49ರಷ್ಟು ಮಂದಿ ಗಂಡನ ಹೊಡೆತ ತಿಂದಿದ್ದರು. ಜಮೀನು ಮಾತ್ರ ಇದ್ದವರಲ್ಲಿ ಶೇ. 18, ಮನೆ ಮಾತ್ರ ಇದ್ದವರಲ್ಲಿ ಶೇ. 10, ಎರಡೂ ಇದ್ದವರಲ್ಲಿ ಶೇ. 7. ಹೆಣ್ಣಿಗೆ ಹೋಗಲು ಇನ್ನೊಂದು ಜಾಗವಿದೆ ಎಂಬುದು ಗಂಡನಿಗೆ ಗೊತ್ತಿದ್ದರೆ ಸಾಕು, ಆಕೆ ಹೋಗಬೇಕಾಗಿಯೇ ಬರುವುದಿಲ್ಲ.

ಕುಂಬಾರರ ಊರುಗಳ ಅಧ್ಯಯನವನ್ನೂ ಇದನ್ನೂ ಒಟ್ಟಿಗೆ ಇಟ್ಟು ನೋಡಿದರೆ ಹೆಣ್ಣುಮಕ್ಕಳ ತಂದೆತಾಯಿಗೆ ಒಂದು ಮಾತು ನಿಚ್ಚಳವಾಗುತ್ತದೆ. ಅಳಿಯನ ಕೈಗೆ ಕೊಟ್ಟ ದುಡ್ಡು ಮಗಳನ್ನು ಕಾಯುವುದಿಲ್ಲ. ಮಗಳ ಹೆಸರಿಗೆ ಬರೆದ ಆಸ್ತಿ, ಅವಳಿಗೆ ಕೊಡಿಸಿದ ವಿದ್ಯೆ ಕಾಯುತ್ತವೆ. ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂಬ ಕಾನೂನನ್ನು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಆದರೂ ಮದುವೆ ಖರ್ಚಿನ ಲೆಕ್ಕ ತೋರಿಸಿ ಹೆಣ್ಣುಮಕ್ಕಳಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಮನೆಗಳು ಇಂದಿಗೂ ಕಡಿಮೆಯಿಲ್ಲ. ಆ ಸಹಿಯೊಂದಿಗೆ ಅವಳ ಪಾಲಿನ ಬಾಗಿಲೂ ಮುಚ್ಚುತ್ತದೆ ಎಂಬುದನ್ನು ಅಣ್ಣತಮ್ಮಂದಿರು ಯೋಚಿಸಬೇಕು.

ಕಾನೂನು ತೆರೆದಿಟ್ಟ ಬಾಗಿಲೂ ಇದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತವಷ್ಟೇ ಅಲ್ಲ, ಬಲವಂತ, ಅವಮಾನ, ಖರ್ಚಿಗೆ ಕೊಡದೆ ಸತಾಯಿಸುವುದು, ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕುವಂತಿಲ್ಲ. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಆಕೆಗಿದೆ. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯ ರಕ್ಷಣಾಧಿಕಾರಿ. ಅಂಗನವಾಡಿಯ ಮೂಲಕವೇ ಅವರನ್ನು ತಲುಪಬಹುದು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಸಿಗುತ್ತದೆ. ಮಹಿಳಾ ಸಹಾಯವಾಣಿ 181, ತುರ್ತು ಕರೆಗೆ 112, ಮಕ್ಕಳಿಗೆ 1098.

ಮಕ್ಕಳು ನೋಡುತ್ತಿದ್ದಾರೆ

ಕಾಯ್ದೆಯಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿಯೊಂದಿದೆ. ಏಟು ತಿಂದವಳೇ ಹೋಗಿ ದೂರಬೇಕೆಂದಿಲ್ಲ. ದೌರ್ಜನ್ಯ ನಡೆದಿದೆ ಅಥವಾ ನಡೆಯಲಿದೆ ಎಂದು ನಂಬಲು ಕಾರಣವಿರುವ ಯಾರೇ ಆಗಲಿ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಕ್ರಮವೂ ಇಲ್ಲ. ನೆರೆಮನೆಯ ಅಕ್ಕ, ಶಾಲೆಯ ಮೇಷ್ಟ್ರು, ಕಾಲೇಜಿನ ಗೆಳತಿ ಯಾರು ಬೇಕಾದರೂ ಆ 'ಯಾರೇ' ಆಗಬಹುದು. ಬ್ರೇಕ್‌ಥ್ರೂ ಎಂಬ ಸಂಸ್ಥೆ 2008ರಲ್ಲಿ 'ಬೆಲ್ ಬಜಾವೋ' ಎಂಬ ಆಂದೋಲನ ನಡೆಸಿತು. ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದವರು ಏನಾದರೊಂದು ನೆಪ ಹೇಳಿ ಬಾಗಿಲ ಗಂಟೆ ಒತ್ತಬೇಕು, ಅಷ್ಟೇ. ಉಗಾಂಡದ ರಾಜಧಾನಿ ಕಂಪಾಲದಲ್ಲಿ ಊರವರೇ ಹೀಗೆ ಮುಂದೆ ಬಂದು ಮಾತಾಡುವಂತೆ ಮಾಡಿದ ಕಾರ್ಯಕ್ರಮವೊಂದನ್ನು ಪರೀಕ್ಷಿಸಿ ನೋಡಿದ್ದಾರೆ. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಾರ್ಯಕ್ರಮ ನಡೆದ ಬಡಾವಣೆಗಳಲ್ಲಿ ಸಂಗಾತಿಯ ಹೊಡೆತ ಬೇರೆ ಬಡಾವಣೆಗಳಿಗಿಂತ ಅರ್ಧಕ್ಕರ್ಧ ಕಡಿಮೆಯಿತ್ತು.

ಅಪ್ಪ ಅಮ್ಮನನ್ನು ಹೊಡೆಯುವುದನ್ನು ಕಂಡು ಬೆಳೆದ ಹುಡುಗ ತಾನೂ ಕೈ ಎತ್ತುವ ಸಂಭವ, ಅದನ್ನು ಕಂಡು ಬೆಳೆದ ಹುಡುಗಿ ತಾನೂ ಸಹಿಸಿಕೊಳ್ಳುವ ಸಂಭವ ಹೆಚ್ಚೆಂದು ದೇಶದೇಶಗಳ ಅಧ್ಯಯನಗಳು ಒಂದೇ ದನಿಯಲ್ಲಿ ಹೇಳುತ್ತವೆ. ಎಲ್ಲ ಮಕ್ಕಳೂ ಹಾಗಾಗುತ್ತಾರೆಂದಲ್ಲ. ಇದು ತಪ್ಪು ಎಂದು ಮನೆಯಲ್ಲಿ ಒಬ್ಬರಾದರೂ ಬಾಯಿ ಬಿಟ್ಟು ಹೇಳಿದರೆ ದಾರಿ ಬದಲಾಗುತ್ತದೆ. ಮುಂದಿನ ಸಮೀಕ್ಷೆಯವರು ಹೊಡೆಯಲು ಏಳು ಕಾರಣಗಳ ಪಟ್ಟಿ ಹಿಡಿದು ಬಂದಾಗ ಉತ್ತರ ಕೊಡುವವರು ಇಂದು ತರಗತಿಗಳಲ್ಲಿ ಕೂತಿರುವ ಹುಡುಗ ಹುಡುಗಿಯರೇ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಜಗಳದ ಬಗ್ಗೆ ಹೇಳಿದ್ದು. ಏಟಿಗೆ ಅದು ಅನ್ವಯಿಸುವುದಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನಂತೂ ಇನ್ನು ಮರೆತರೇ ಲೇಸು. ಬೆಟ್ಟದ ಜನ ದೇವರಿಗೆ ಹೆಣ್ಣು ಕೊಟ್ಟರೂ ಅವಳನ್ನು ಬಿಟ್ಟುಕೊಡಲಿಲ್ಲ. ಮದುವೆ ಮಾಡಿ ಕಳಿಸುವಾಗ "ಹೊಂದಿಕೊಂಡು ಹೋಗು" ಎಂದು ಹೇಳದ ತಾಯಿಯಿಲ್ಲ. ಅದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಬೇಕಾಗಿದೆ: "ಕೈ ಎತ್ತಿದ ದಿನ ಬಂದುಬಿಡು, ಈ ಬಾಗಿಲು ತೆರೆದೇ ಇರುತ್ತದೆ."